ಮನೆಯಂಗಳದ ಪುಂಡಿಸೊಪ್ಪು

ಜೋಳದ ರೊಟ್ಟಿಗೆ ಪುಂಡಿಪಲ್ಯವು ಉತ್ತರ ಕರ್ನಾಟಕದ ಮನೆಮನೆಯ ರುಚಿ. ಅಂಗಳದಲ್ಲಿಯೇ ಬೆಳೆದರೆ ಬೇಕಾದಷ್ಟನ್ನು ಎಳೆಯದಾಗಿ ಕೊಯ್ದುಕೊಳ್ಳಬಹುದು.

ಮುಂಗಾರಿನ ಆರಂಭದಲ್ಲಿ, ಬಿಸಿಲು ಬೀಳುವ, ನೀರು ನಿಲ್ಲದ ಮಡಿಯಲ್ಲಿ ತಿಪ್ಪೆಗೊಬ್ಬರ ಬೆರೆಸಿ, ಬೀಜವನ್ನು ಅರ್ಧ ಅಂಗುಲ ಆಳದಲ್ಲಿ ಬಿತ್ತಬೇಕು. ಸುಮಾರು 6 ವಾರಗಳಲ್ಲಿ ಕುಡಿಗಳನ್ನು ಚಿವುಟಿದರೆ ಕವಲುಗಳೊಡೆದು ಮತ್ತೆ ಮತ್ತೆ ಸೊಪ್ಪು ದೊರೆಯುತ್ತದೆ. ಹೂ ಬಿಟ್ಟ ಬಳಿಕ ಎಲೆ ಒರಟಾಗುವುದರಿಂದ ಆ ಗಿಡಗಳನ್ನು ಬೀಜಕ್ಕೆ ಬಿಡುವುದು ಲೇಸು.

ಸೊಪ್ಪನ್ನು ತೊಳೆದು ಕುದಿಸಿ, ಆ ನೀರನ್ನು ಬಸಿದು ಚೆಲ್ಲಬೇಕು, ಅತಿಹುಳಿ ತಗ್ಗುತ್ತದೆ. ಬಳಿಕ ಬೆಂದ ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ, ಉಪ್ಪು ಸೇರಿಸಿ ಬೇಯಿಸಿ, ಮಸೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಡಬೇಕು. ಹುಳಿಯು ಲೋಹವನ್ನು ಕರಗಿಸುವುದರಿಂದ ಅಲ್ಯೂಮಿನಿಯಂ ಹಾಗೂ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಗಳು ಸಲ್ಲವು. ಮಣ್ಣಿನ ಗಡಿಗೆ ಅಥವಾ ಸ್ಟೀಲ್ ಪಾತ್ರೆ ಯೋಗ್ಯ.

ಪುಂಡಿಯಲ್ಲಿ ಆಕ್ಸಾಲಿಕ್ ಆಮ್ಲವಿದೆ. ಅದು ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂನೊಡನೆ ಕೂಡಿ ಹರಳುಗಟ್ಟಬಲ್ಲದು. ಆದ್ದರಿಂದ ಕಲ್ಲಿನ ಬಾಧೆಯುಳ್ಳವರು ವೈದ್ಯರನ್ನು ಕೇಳದೆ ಇದನ್ನು ಉಣ್ಣಬಾರದು. ಉಳಿದವರು ಮೊಸರು, ಮಜ್ಜಿಗೆಯೊಡನೆ ಉಣ್ಣುವುದು ಹಿತಕರ. ಅವುಗಳ ಕ್ಯಾಲ್ಸಿಯಂ ಆ ಆಮ್ಲದ ಒಂದು ಭಾಗವನ್ನು ಕರುಳಿನಲ್ಲಿಯೇ ಹಿಡಿದು, ಮೂತ್ರಪಿಂಡವನ್ನು ಸೇರದಂತೆ ಹೊರಹಾಕುತ್ತದೆ. ರೊಟ್ಟಿ, ಪುಂಡಿಪಲ್ಯದ ಊಟವನ್ನು ಮಜ್ಜಿಗೆಯಿಂದ ಮುಗಿಸುವ ಹಿರಿಯರ ರೂಢಿಯನ್ನು ಬಿಡದಿರೋಣ.