ಬ್ರೌಸರ್ ಯಾವುದು ಅಂತ ಸರ್ವರ್‌ಗೆ ಹೇಗೆ ಗೊತ್ತಾಗುತ್ತೆ?

ಪೇಜ್ ಕೇಳುವಾಗಲೇ ಬ್ರೌಸರ್ ತನ್ನ ಪರಿಚಯವನ್ನು ‘ಯೂಸರ್ ಏಜೆಂಟ್’ ಅನ್ನೋ ಹೆಡರ್‌ನಲ್ಲಿ ಕಳಿಸುತ್ತೆ. ಪಿಎಚ್‌ಪಿಯಲ್ಲಿ ಅದು ‘ಸರ್ವರ್’ ಅರೇಯಲ್ಲಿ ಸಿಗುತ್ತದೆ. ಅದರಲ್ಲಿ ಹೆಸರು ಹುಡುಕಿದ್ರೆ ಮುಗೀತಾ? ಇಲ್ಲ. ಕ್ರೋಮ್ ಕಳಿಸುವ ಸಾಲಿನಲ್ಲಿ ‘ಮೊಜಿಲ್ಲಾ’, ‘ಸಫಾರಿ’ ಎರಡೂ ಇರುತ್ತವೆ. ಎಡ್ಜ್‌ನ ಸಾಲಿನಲ್ಲಿ ಇವುಗಳ ಜೊತೆ ‘ಕ್ರೋಮ್’ ಕೂಡ ಇರುತ್ತೆ! 1990ರ ದಶಕದಲ್ಲಿ ಎಷ್ಟೋ ಸರ್ವರ್‌ಗಳು ‘ಮೊಜಿಲ್ಲಾ’ ಅಂದವರಿಗೆ ಮಾತ್ರ ಫ್ರೇಮ್ ಇರುವ ಪೇಜ್ ಕೊಡುತ್ತಿದ್ದವು. ಅದಕ್ಕೇ ಉಳಿದ ಬ್ರೌಸರ್‌ಗಳೂ ಆ ಹೆಸರು ಹಾಕಿಕೊಂಡವು.

ಹಾಗಾಗಿ ಕೋಡ್‌ನಲ್ಲಿ ಮೊದಲು ಎಡ್ಜ್, ಒಪೆರಾ, ಆಮೇಲೆ ಕ್ರೋಮ್, ಕೊನೆಗೆ ಸಫಾರಿ ಚೆಕ್ ಮಾಡಿ. ಈ ಸಾಲನ್ನು ಯಾರು ಬೇಕಾದರೂ ಬದಲಾಯಿಸಬಹುದು, ಆದ್ದರಿಂದ ಪೂರ್ತಿ ನಂಬಬೇಡಿ. ಯಾವುದೂ ಹೊಂದದಿದ್ದರೆ ಸಾದಾ ಪೇಜ್ ಕೊಡಿ, ವಾಪಸ್ ಕಳಿಸಬೇಡಿ. ಹೊಸದುರ್ಗದ ಹಳ್ಳಿಯಲ್ಲಿ ಹಳೇ ಫೋನ್ ಹಿಡಿದು ರಿಸಲ್ಟ್ ನೋಡೋರಿಗೆ ಬೇಕಾಗಿರೋದು ಮಾರ್ಕ್ಸ್, ಹೊಸ ಬ್ರೌಸರ್ ಅಲ್ಲ.