‘ಮೋರ್ ಫಾಸ್ಟ್’ ಬಿಡಿಸುವುದು ಹೇಗೆ?

ಪ್ರಶ್ನೆ: ಮೈಸೂರಿನ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಮೆಕ್ಸಿಕೊದ ಐದಾರು ಮಂದಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎಲ್ಲರೂ ಉದ್ಯೋಗಸ್ಥರು, ಶ್ರದ್ಧೆಯವರು. ಆದರೂ ‘ಶಿ ರನ್ಸ್ ಮೋರ್ ಫಾಸ್ಟ್ ದಟ್ ಮಿ’ ಅನ್ನುವುದು ತಪ್ಪುತ್ತಿಲ್ಲ. ‘ಮೋರ್ ಬೆಟರ್’ ಕೇಳಿದರಂತೂ ತಲೆ ಚಿಟ್ಟು ಹಿಡಿಯುತ್ತದೆ. ನನಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೆ. ಕಲಿಸಲು ನಾನು ಲಾಯಕ್ಕಲ್ಲವೇನೋ ಅನ್ನಿಸಿದೆ.
– ಶಿಕ್ಷಕಿ, ಮೈಸೂರು

ಉತ್ತರ: ‘ಅವಳು ನನಗಿಂತ ಬೇಗ ಓಡುತ್ತಾಳೆ’ ಅನ್ನುವಾಗ ‘ಬೇಗ’ಕ್ಕೆ ನೀವು ಯಾವ ಬಾಲ ಅಂಟಿಸಿದಿರಿ? ಯಾವುದೂ ಇಲ್ಲ. ನಿಮ್ಮ ವಿದ್ಯಾರ್ಥಿಗಳ ಭಾಷೆಯಲ್ಲೂ ಹಾಗೇ. ‘ರಾಪಿದೊ’ ಬದಲಾಗುವುದಿಲ್ಲ, ಅದಕ್ಕೆ ಮೊದಲು ‘ಮಾಸ್’, ಆಮೇಲೆ ‘ಕೆ’ ಬಂದರೆ ಮುಗಿಯಿತು. ಈ ‘ಕೆ’ಯೇ ‘ದ್ಯಾನ್’, ಈ ‘ಕೆ’ಯೇ ‘ದಟ್’. ಅವರು ತಮ್ಮ ಮನೆಯ ಕಾನೂನನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾರೆ, ಅಷ್ಟೇ.

‘ಮೋರ್ ಬೆಟರ್’ಗೆ ಮದ್ದು ಅವರಲ್ಲೇ ಇದೆ. ‘ಬಿಯೆನ್‌’ಗೆ ‘ಮೆಹೋರ್’, ‘ಮಾಲ್‌’ಗೆ ‘ಪೆಯೋರ್’ ಎಂಬ ಒಂಟಿ ಪದಗಳು ಸ್ಪ್ಯಾನಿಷ್‌ನಲ್ಲೂ ಉಂಟು. ‘ಮಾಸ್ ಮೆಹೋರ್ ಅನ್ನಬಹುದೇ?’ ಎಂದು ಕೇಳಿ ನೋಡಿ. ಅವರೇ ನಗುತ್ತಾರೆ. ಬೆಟರ್, ವರ್ಸ್ ಎರಡೂ ಅಲ್ಲಿಗೆ ಇತ್ಯರ್ಥ.

‘ಕೇರ್‌ಫುಲಿ’ಯಂಥ ಪದಗಳಿಗೆ ‘ಮೋರ್’ ಸಾಕು. ಅವರ ‘-ಮೆಂತೆ’ ಪದಗಳಿಗೂ ‘ಮಾಸ್’ ಸಾಕಲ್ಲ! ಬಾಲ ಬೇಕಾದವು ಫಾಸ್ಟ್, ಹಾರ್ಡ್, ಸೂನ್, ಲೇಟ್‌ನಂಥ ಚಿಕ್ಕವು. ‘ಅರ್ಲಿ’ಯ ವೇಷಕ್ಕೆ ಮೋಸಹೋಗದಂತೆ ಎಚ್ಚರಿಸಿ, ಅದು ‘ಅರ್ಲಿಯರ್’ ಆಗುತ್ತದೆ. ‘ಹಾರ್ಡ್‌ಲಿ’ಯನ್ನು ಮಾತ್ರ ದೂರವಿಡಿ. ಕಷ್ಟಪಟ್ಟು ದುಡಿಯುತ್ತೇನೆ ಎನ್ನಹೋಗಿ ‘ಐ ಹಾರ್ಡ್‌ಲಿ ವರ್ಕ್’ ಅಂದರೆ, ಕೆಲಸವನ್ನೇ ಮಾಡುವುದಿಲ್ಲವೆಂದು ಬಾಸ್ ಮುಂದೆ ಒಪ್ಪಿಕೊಂಡಂತೆ.

ಇನ್ನು ‘ಫಾಸ್ಟೆಸ್ಟ್’. ‘ಆನಾ ರನ್ಸ್ ದ ಫಾಸ್ಟೆಸ್ಟ್’ ಎಂಬುದನ್ನು ಅವರು ‘ಆನಾ ಎಸ್ ಲಾ ಕೆ ಕೊರ್ರೆ ಮಾಸ್ ರಾಪಿದೊ’ ಅನ್ನುತ್ತಾರೆ. ಕನ್ನಡದಲ್ಲಿ ಹೇಳಿಕೊಳ್ಳಿ: ಎಲ್ಲರಿಗಿಂತ ಬೇಗ ಓಡುವವಳು ಆನಾ. ‘ಲಾ ಕೆ ಕೊರ್ರೆ’ ಅಂದರೆ ನಿಮ್ಮ ‘ಓಡುವವಳು’! ಇಂಗ್ಲಿಷ್ ಒಂದೇ ಪದದಲ್ಲಿ ಮುಗಿಸುವುದನ್ನು ನೀವೂ ಅವರೂ ಸುತ್ತಿ ಬಳಸಿ ಹೇಳುವವರು. ಈ ಕನ್ನಡ ವಾಕ್ಯವನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿ. ಮೇಡಂ ಕೂಡ ಇದೇ ದಾರಿ ತುಳಿದು ಬಂದವರೆಂದು ಗೊತ್ತಾಗಲಿ.

ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ. ಈ ವಾರ ‘ದಟ್’ ಹೋಗಿ ‘ದ್ಯಾನ್’ ಬಂದರೆ ಸಾಕು. ‘ಮೋರ್ ಫಾಸ್ಟ್’ ಮುಂದಿನ ವಾರಕ್ಕಿರಲಿ.