ರಿಪೋರ್ಟ್ ನಾರ್ಮಲ್, ಆದರೂ ಮೆಗ್ನೀಷಿಯಂ ಡ್ರಿಪ್ ಏಕೆ?

ಪ್ರಶ್ನೆ: ನಮ್ಮ ತಂದೆಗೆ 67 ವರ್ಷ. 15 ವರ್ಷದಿಂದ ಸಕ್ಕರೆ ಕಾಯಿಲೆ. ಬಿಪಿಗೆ ನೀರಿನ ಮಾತ್ರೆ, ಎದೆಯುರಿಗೆ ದಿನಾ ಗ್ಯಾಸ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೋದ ತಿಂಗಳು ಬೈಪಾಸ್ ಆಪರೇಷನ್ ಆಯಿತು. ಅದಕ್ಕೂ ಮುಂಚಿನ ರಕ್ತ ಪರೀಕ್ಷೆಯಲ್ಲಿ ಮೆಗ್ನೀಷಿಯಂ 1.8, ನಾರ್ಮಲ್ ಎಂದಿತ್ತು. ಆದರೂ ಐಸಿಯುನಲ್ಲಿ ಮೆಗ್ನೀಷಿಯಂ ಕೊಟ್ಟರು. ಕೊರತೆಯೇ ಇಲ್ಲದವರಿಗೆ ಏಕೆ? ಈಗ ಮನೆಯಲ್ಲೂ ಮಾತ್ರೆ ಕೊಡಬೇಕೇ ಡಾಕ್ಟ್ರೇ?
– ಓದುಗರು, ದಾವಣಗೆರೆ

ಉತ್ತರ: ಕೊರತೆ ಇಲ್ಲವೆಂದು ಆ 1.8 ಹೇಳುವುದಿಲ್ಲ. ವಯಸ್ಕರ ಮೈಯಲ್ಲಿ ಸುಮಾರು 25 ಗ್ರಾಂ ಮೆಗ್ನೀಷಿಯಂ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿ, ಉಳಿದದ್ದರಲ್ಲಿ ಬಹುಪಾಲು ಸ್ನಾಯು ಮತ್ತಿತರ ಜೀವಕೋಶಗಳ ಒಳಗೆ. ಲ್ಯಾಬಿನವರು ಅಳೆಯುವ ಸೀರಮ್ಮಿನಲ್ಲಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಆ ಚೂರು ಕಡಿಮೆಯಾಗದಂತೆ ದೇಹ ಮೂಳೆಯಿಂದ ತೆಗೆದಾದರೂ ತುಂಬಿಕೊಳ್ಳುತ್ತದೆ. ಕಣಜ ಬರಿದಾಗುತ್ತಿದ್ದರೂ ಅಡುಗೆಮನೆಯ ಡಬ್ಬಿ ತುಂಬಿರುವ ಹಾಗೆ. ಡೆಸಿಲೀಟರಿಗೆ 1.7ರಿಂದ 2.2 ಮಿಲಿಗ್ರಾಂ ಸಾಮಾನ್ಯ ಮಟ್ಟ. ಅದಕ್ಕಿಂತ ಇಳಿದಿದ್ದರೆ ಕೊರತೆಯನ್ನು ಅನುಮಾನಿಸಲೇಬೇಕು. ಇಳಿಯದಿದ್ದರೆ ನಿಶ್ಚಿಂತೆಯಿಂದ ಇರುವಂತಿಲ್ಲ.

ಕಣಜವನ್ನೇ ನೋಡುವ ಪರೀಕ್ಷೆಯೂ ಇದೆ. ಗೊತ್ತಾದ ಪ್ರಮಾಣದ ಮೆಗ್ನೀಷಿಯಂ ಅನ್ನು ರಕ್ತನಾಳಕ್ಕೆ ಕೊಟ್ಟು, 24 ಗಂಟೆಯ ಮೂತ್ರ ಕೂಡಿಟ್ಟು ಅಳೆಯುತ್ತಾರೆ. ಸಾಕಷ್ಟಿರುವ ದೇಹ ಬಹುತೇಕ ಎಲ್ಲವನ್ನೂ ಹೊರಹಾಕುತ್ತದೆ. ಕೊರತೆಯ ದೇಹ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಕಿಡ್ನಿ ಸರಿಯಿಲ್ಲದವರಲ್ಲಿ ಈ ಲೆಕ್ಕ ನಂಬುವಂತಿಲ್ಲ. ಹೃದಯದ ಆಪರೇಷನ್ ಎದುರಿಗಿರುವಾಗ ಇದಕ್ಕೆ ಪುರುಸೊತ್ತೂ ಇರುವುದಿಲ್ಲ.

ಹಾಗಾಗಿ ನಾನಂತೂ ರಿಪೋರ್ಟಿನ ಜೊತೆಗೆ ಮಾತ್ರೆಗಳ ಚೀಲವನ್ನೂ ತರಿಸಿ ನೋಡುತ್ತೇನೆ. ನಿಮ್ಮ ಪತ್ರದಲ್ಲೇ ಮೂರು ಸುಳಿವುಗಳಿವೆ. ಸಕ್ಕರೆ ಕಾಯಿಲೆಯಲ್ಲಿ ಮೂತ್ರದಲ್ಲಿ ಮೆಗ್ನೀಷಿಯಂ ಸೋರುತ್ತದೆ, ನೀರಿನ ಮಾತ್ರೆಗಳಲ್ಲಿ ಹಲವು ಈ ಸೋರಿಕೆಯನ್ನು ಹೆಚ್ಚಿಸುತ್ತವೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಕರುಳು ಮೆಗ್ನೀಷಿಯಂ ಹೀರಿಕೊಳ್ಳುವುದೂ ತಗ್ಗಬಹುದು. ಇದರ ಮೇಲೆ ಹೃದಯ-ಶ್ವಾಸಕೋಶ ಯಂತ್ರ ಬಳಸಿದ್ದರೆ ಅದರಲ್ಲಿನ ದ್ರವ ರಕ್ತವನ್ನು ತೆಳುವಾಗಿಸುತ್ತದೆ. ಮೆಗ್ನೀಷಿಯಂ ಕುಸಿದಾಗ ಹೃದಯದ ಬಡಿತ ಲಯ ತಪ್ಪಬಹುದು. ಪೊಟ್ಯಾಸಿಯಂ ಎಷ್ಟು ಕೊಟ್ಟರೂ ಏರದೆ ಸತಾಯಿಸುತ್ತದೆ. ಐಸಿಯುನವರು ಬಹುಶಃ ಇದನ್ನೆಲ್ಲ ಯೋಚಿಸಿಯೇ ಕೊಟ್ಟಿರುತ್ತಾರೆ.

ಮನೆಯಲ್ಲಿ ನೀವಾಗಿಯೇ ಮಾತ್ರೆ ಶುರುಮಾಡಬೇಡಿ. ಇಷ್ಟು ವರ್ಷದ ಸಕ್ಕರೆ ಕಾಯಿಲೆಯಲ್ಲಿ ಕಿಡ್ನಿ ದುರ್ಬಲವಾಗಿರಬಹುದು. ಆಗ ಮೆಗ್ನೀಷಿಯಂ ಮೈಯಲ್ಲೇ ಶೇಖರವಾಗಿ ಬಿಪಿ ಇಳಿಯುತ್ತದೆ, ತೀರಾ ಹೆಚ್ಚಾದರೆ ಉಸಿರಾಟವೂ ಕುಗ್ಗುತ್ತದೆ. ಮೊದಲು ಕ್ರಿಯಾಟಿನಿನ್ ಮಾಡಿಸಿ. ಕಿಡ್ನಿ ಚೆನ್ನಾಗಿದ್ದರೆ ರಾಗಿ, ಕಾಳು, ಸೊಪ್ಪು, ಒಂದು ಹಿಡಿ ಶೇಂಗಾ ಊಟದಲ್ಲಿರಲಿ. ಮುಂದಿನ ಸಲ ತೋರಿಸಲು ಹೋದಾಗ ಗ್ಯಾಸ್ ಮಾತ್ರೆ ಇನ್ನೂ ಬೇಕೇ ಎಂದು ಕೇಳಿ. ಕೇಳದೆ ನಿಲ್ಲಿಸಬೇಡಿ: ಬೈಪಾಸ್ ಆದ ಮೇಲೆ ಆಸ್ಪಿರಿನ್ ಕೊಟ್ಟಿದ್ದರೆ ಹೊಟ್ಟೆಯ ರಕ್ಷಣೆಗೆ ಅದು ಬೇಕಾಗಿರಬಹುದು.